ಗುಜರಿ ಆಯ್ದು ಮನೆ ಕಟ್ಟಿದವರು

ಬಡತನದ ವಿರುದ್ಧ ಕೆಲಸ ಮಾಡಿದ ಸಂಸ್ಥೆಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಕೊಟ್ಟವರ ಹೆಸರು, ಕೊಟ್ಟ ಮೊತ್ತ, ಉಂಡವರ ಸಂಖ್ಯೆ. ನಮ್ಮ ದಾನಶಾಸನಗಳನ್ನೇ ನೋಡಿ. ಭೂಮಿ ಬಿಟ್ಟವನ ವಂಶಾವಳಿ ಕಲ್ಲಿನ ಮೇಲೆ ಉದ್ದಕ್ಕೂ ಇರುತ್ತದೆ; ಅವನ ಛತ್ರದಲ್ಲಿ ಉಂಡವರು ಯಾರು, ಆಮೇಲೆ ಅವರೇನಾದರು ಎಂಬುದಕ್ಕೆ ಒಂದು ಸಾಲೂ ಸಿಗುವುದಿಲ್ಲ. ಫ್ರಾನ್ಸಿನಲ್ಲಿ 1949ರಲ್ಲಿ ಹುಟ್ಟಿದ ಎಮ್ಮಾವುಸ್ ಚಳವಳಿಯ ಕಥೆಯನ್ನೂ ಬಹುಕಾಲ ಹೀಗೆಯೇ ಹೇಳಿಕೊಂಡು ಬಂದರು. ಗಡ್ಡ ಬಿಟ್ಟ, ದೊಗಲೆ ನಿಲುವಂಗಿಯ ಪಾದ್ರಿಯೊಬ್ಬ ರೇಡಿಯೊದಲ್ಲಿ ಮೊರೆಯಿಟ್ಟ, ಪ್ಯಾರಿಸ್ ನಗರ ಕರಗಿ ಕಂಬಳಿ ತಂದು ಸುರಿಯಿತು ಎಂದು. ಅದು ನಡೆದದ್ದು ನಿಜ. ಆದರೆ ಆ ಚಳವಳಿಯ ನಿಜವಾದ ಹೊಸತನ ಬೇರೆ ಕಡೆ ಇತ್ತು. ಬೀದಿಗೆ ಬಿದ್ದವನ ಕೈಗೆ ಏನನ್ನಾದರೂ ಕೊಡುವ ಮೊದಲು ಅವನಿಂದಲೇ ಸಹಾಯ ಕೇಳಿದ್ದು ಅದರ ಮೂಲ. ಈ ಒಂದು ನಡೆ ಎಲ್ಲೆಲ್ಲಿ ಉಳಿಯಿತೋ ಅಲ್ಲಿ ಚಳವಳಿ ಗಟ್ಟಿಯಾಯಿತು, ಎಲ್ಲಿ ಮರೆತುಹೋಯಿತೋ ಅಲ್ಲಿ ಕೆಟ್ಟಿತು ಎನ್ನುವುದು ನನ್ನ ವಾದ. ಎಪ್ಪತ್ತೈದು ವರ್ಷಗಳ ಅದರ ಚರಿತ್ರೆಯಲ್ಲಿ ಇದಕ್ಕೆ ಸಾಕಷ್ಟು ಸಾಕ್ಷ್ಯವಿದೆ, ತೀರಾ ನೋವಿನ ಸಾಕ್ಷ್ಯವೂ ಸೇರಿದಂತೆ.

ಮುಂದೆ ಆಬೆ ಪಿಯೇರ್ ಎಂದು ಹೆಸರಾದ ಆನ್ರಿ ಗ್ರೂಯೆಸ್ 1912ರ ಆಗಸ್ಟ್ 5ರಂದು ಲಿಯೋನ್ ನಗರದ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದವರು. ಹರೆಯದಲ್ಲೇ ಆಸ್ತಿಯ ಪಾಲು ಬಿಟ್ಟು ಕಪುಚಿನ್ ಸನ್ಯಾಸಿಗಳ ಮಠ ಸೇರಿದರು. ಅಲ್ಲಿನ ಕಠಿಣ ದಿನಚರಿಗೆ ಆರೋಗ್ಯ ತಡೆಯದೆ ಹೊರಬಂದು ಗ್ರೆನೋಬ್ಲ್‌ನಲ್ಲಿ ಪಾದ್ರಿಯಾದರು. ಜರ್ಮನ್ ಆಕ್ರಮಣದ ಕಾಲದಲ್ಲಿ ಯಹೂದಿಗಳನ್ನು ಸ್ವಿಟ್ಜರ್ಲೆಂಡಿನ ಗಡಿ ದಾಟಿಸುವ ಕೆಲಸದಲ್ಲಿ ತೊಡಗಿದ್ದರು; ಭೂಗತ ಹೋರಾಟದಲ್ಲಿ ಇಟ್ಟುಕೊಂಡ ಗುಪ್ತನಾಮವೇ ಕೊನೆಯವರೆಗೂ ಉಳಿಯಿತು. ಆ ದಿನಗಳಲ್ಲಿ ಅವರನ್ನು ಅಡಗಿಸಿಟ್ಟ ಲ್ಯೂಸಿ ಕುತಾಝ್ ಎಂಬ ಮಹಿಳೆ 1982ರಲ್ಲಿ ತೀರಿಕೊಳ್ಳುವವರೆಗೆ ಅವರ ಕಚೇರಿಯನ್ನೂ ಚಳವಳಿಯ ಲೆಕ್ಕಪತ್ರವನ್ನೂ ನಡೆಸಿದರು. ಸ್ಥಾಪಕರ ಸಾಲಿನಲ್ಲಿ ನಿಲ್ಲಬೇಕಾದ ಹೆಸರು ಆಕೆಯದು. ಪತ್ರಿಕೆಗಳ ಕಣ್ಣಿಗೆ ಮಾತ್ರ ಆಕೆ ಕಾರ್ಯದರ್ಶಿಯಾಗಿಯೇ ಉಳಿದರು. ಯುದ್ಧ ಮುಗಿದ ಮೇಲೆ ಪಾದ್ರಿ ಸಂಸತ್ ಸದಸ್ಯರಾದರು. ಪ್ಯಾರಿಸ್ಸಿನ ಪೂರ್ವಕ್ಕಿರುವ ನ್ಯೂಯೀ-ಪ್ಲೆಸಾನ್ಸ್‌ನಲ್ಲಿ ಮುರಿದುಬಿದ್ದ ದೊಡ್ಡ ಮನೆಯೊಂದನ್ನು ಹಿಡಿದು ರಿಪೇರಿ ಮಾಡಿ, ಯುವಜನರ ತಂಗುದಾಣವಾಗಿಸಿ, ಎಮ್ಮಾವುಸ್ ಎಂದು ಹೆಸರಿಟ್ಟರು. ಲೂಕನ ಸುವಾರ್ತೆಯಲ್ಲಿ, ಆಸೆ ಕಳೆದುಕೊಂಡು ನಡೆದು ಹೋಗುತ್ತಿದ್ದ ಇಬ್ಬರು ಶಿಷ್ಯರಿಗೆ ಊಟದ ಹೊತ್ತಿನಲ್ಲಿ ಭರವಸೆ ಮರಳಿ ಸಿಕ್ಕ ಊರು ಅದು.

1949ರಲ್ಲಿ ಜಾರ್ಜ್ ಲೆಗೆ ಎಂಬಾತನ ಬಳಿಗೆ ಪಾದ್ರಿಯನ್ನು ಕರೆದರು. ತಂದೆಯ ಕೊಲೆಗಾಗಿ ದಕ್ಷಿಣ ಅಮೆರಿಕದ ಗಯಾನಾದಲ್ಲಿದ್ದ ಫ್ರೆಂಚ್ ಕೈದಿಗಳ ವಸಾಹತಿನಲ್ಲಿ ದೀರ್ಘ ಶಿಕ್ಷೆ ಅನುಭವಿಸಿ ಮರಳಿದವನು ಆತ. ಊರಿಗೆ ಬಂದರೆ ಮನೆಯವರ ಪಾಲಿಗೆ ಪರಕೀಯ. ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕಿ ಉಳಿದಿದ್ದ. ಅಂಥವನಿಗೆ ಸಾಂತ್ವನ ಹೇಳುವುದು, ಹಣ ಕೊಡುವುದು, ಎಲ್ಲಾದರೂ ಸೇರಿಸುವುದು ವಾಡಿಕೆ. ಪಾದ್ರಿ ಹೇಳಿದ್ದರ ಸಾರಾಂಶ ಇಷ್ಟು: ನಿನಗೆ ಕೊಡಲು ನನ್ನಲ್ಲಿ ಏನೂ ಇಲ್ಲ, ಸೂರಿಲ್ಲದ ಸಂಸಾರಗಳಿಗೆ ಮನೆ ಕಟ್ಟುವ ಕೆಲಸ ನನಗೆ ಮುಗಿಯುತ್ತಿಲ್ಲ, ಸಾಯುವುದಕ್ಕೆ ಮುಂಚೆ ಸ್ವಲ್ಪ ಕೈ ಜೋಡಿಸುತ್ತೀಯಾ? ಲೆಗೆ ಒಪ್ಪಿ ಬಂದ, ಮೊದಲ ಸಂಗಾತಿಯಾದ. ಇದನ್ನು ಅನುಮಾನದಿಂದ ನೋಡುವವರಿಗೆ ಕಾರಣವಿದೆ. ಈ ಪ್ರಸಂಗ ನಮಗೆ ಬಂದಿರುವುದು ಬಹುಮಟ್ಟಿಗೆ ಸ್ಥಾಪಕರ ಬಾಯಿಂದಲೇ, ಮತ್ತೆ ಮತ್ತೆ ಹೇಳಿ ಹೇಳಿ ಅಂಚು ನಯವಾದ ರೂಪದಲ್ಲಿ. ಎಲ್ಲ ಚಳವಳಿಗಳಿಗೂ ಇಂಥ ಒಂದು ಮೂಲಕಥೆ ಇದ್ದೇ ಇರುತ್ತದೆ. ಅದನ್ನು ಬದಿಗಿಟ್ಟರೂ ನನ್ನ ವಾದ ಬೀಳುವುದಿಲ್ಲ, ಏಕೆಂದರೆ ಮುಂದಿನ ಎರಡು ಮೂರು ವರ್ಷ ಆ ಮನೆಯ ಖರ್ಚು ಎಲ್ಲಿಂದ ಹೊರಟಿತು ಎಂಬುದು ಕಥೆಗಿಂತ ಗಟ್ಟಿಯಾದ ಆಧಾರ.

ಮೊದಲಿಗೆ ಮನೆ ನಡೆದದ್ದು ಸಂಸತ್ ಸದಸ್ಯನ ಸಂಬಳದಿಂದ. 1951ರ ಚುನಾವಣೆಯಲ್ಲಿ ಪಾದ್ರಿ ಸೋತರು, ಸಂಬಳ ನಿಂತಿತು. ಒಳಗೆ ಉಣ್ಣುವ ಬಾಯಿಗಳು, ಹೊರಗೆ ಅರ್ಧ ಎದ್ದು ನಿಂತ ಗೋಡೆಗಳು. ಪಾದ್ರಿ ಯಾರಿಗೂ ಹೇಳದೆ ಪ್ಯಾರಿಸ್ಸಿನ ಹೋಟೆಲುಗಳ ಬಾಗಿಲಲ್ಲಿ ರಾತ್ರಿ ಹೊತ್ತು ಬೇಡಲು ನಿಂತರು. ಸುದ್ದಿ ತಿಳಿದ ಸಂಗಾತಿಗಳು ಬೇಡವೆಂದರು. ಬೇಡಿ ತಂದದ್ದನ್ನು ಉಣ್ಣಲು ತಾವು ಇಲ್ಲಿಗೆ ಬಂದಿಲ್ಲ ಎಂಬುದು ಅವರ ನಿಲುವು. ಅವರಲ್ಲೊಬ್ಬ ಹಿಂದೆ ಚಿಂದಿ ಆಯ್ದು ಬದುಕಿದ್ದವನು. ಕಸದ ಡಬ್ಬಿಗಳಲ್ಲಿ, ಜನ ಬಿಸಾಡಿದ ಸಾಮಾನಿನಲ್ಲಿ ಎಷ್ಟು ದುಡ್ಡಿದೆ ಎಂದು ಉಳಿದವರಿಗೆ ತೋರಿಸಿಕೊಟ್ಟವನು ಅವನೇ. ಆ ದಿನದಿಂದ ಚಳವಳಿಗೆ ತನ್ನದೇ ಕಸುಬು ಸಿಕ್ಕಿತು. ಆ ದಾರಿಯನ್ನು ಕಂಡುಕೊಂಡವರು ಸಂಗಾತಿಗಳೇ. ಮನೆಯ ಯಜಮಾನ ಅವರಿಂದ ಕಲಿತ.

ಪ್ಯಾರಿಸ್ಸಿನಲ್ಲಿ ಗುಜರಿ ಆಯುವುದು ಹಳೆಯ ವೃತ್ತಿ, ಆ ನಗರದ ಕೈಗಾರಿಕೆಯೊಂದಿಗೇ ಹೆಣೆದುಕೊಂಡಿದ್ದ ವೃತ್ತಿ. ಮರದ ತಿರುಳಿನಿಂದ ಕಾಗದ ಮಾಡುವುದು ರೂಢಿಗೆ ಬರುವ ಮೊದಲು ಕಾಗದದ ಕಾರ್ಖಾನೆಗಳಿಗೆ ಹರಕು ಬಟ್ಟೆಯೇ ಕಚ್ಚಾಮಾಲು. ಎಲುಬು ಅಂಟಿಗೆ, ಗುಂಡಿಗಳಿಗೆ. ಗಾಜು, ತಗಡು ಮತ್ತೆ ಕುಲುಮೆಗೆ. ಬೆನ್ನಿಗೆ ಬುಟ್ಟಿ, ಕೈಯಲ್ಲಿ ಕೊಕ್ಕೆ, ಇನ್ನೊಂದು ಕೈಯಲ್ಲಿ ಲಾಂದ್ರ ಹಿಡಿದು ರಾತ್ರಿ ಬೀದಿ ಸುತ್ತುವ ಆಯುವವನಿಗೆ ಮಾರುಕಟ್ಟೆ ಖಾತ್ರಿಯಿತ್ತು. 1880ರ ದಶಕದಲ್ಲಿ ಯೂಜೀನ್ ಪೂಬೆಲ್ ಎಂಬ ಆಡಳಿತಾಧಿಕಾರಿ ಪ್ರತಿ ಮನೆಯವರೂ ಕಸವನ್ನು ಡಬ್ಬಿಯಲ್ಲಿ ತುಂಬಿಸಿಡಬೇಕೆಂದು ಆಜ್ಞೆ ಹೊರಡಿಸಿದಾಗ ಇವರು ಅನ್ನ ಹೋಯಿತೆಂದು ದೊಡ್ಡ ಗಲಾಟೆಯೆಬ್ಬಿಸಿದ್ದರು. ನಗರ ಶುಚಿಯಾದಂತೆಲ್ಲ ಆ ಜನ ಕೋಟೆಯ ಆಚೆಗಿನ ಜೋಪಡಿಗಳತ್ತ ಸರಿದರು. ಎಮ್ಮಾವುಸ್ ಕೈಗೆತ್ತಿಕೊಂಡದ್ದು ಎಲ್ಲರೂ ಮೂಗು ಮುಚ್ಚಿಕೊಳ್ಳುವ ಈ ಕೆಲಸವನ್ನು. ಯುದ್ಧಾನಂತರದ ಫ್ರಾನ್ಸಿನಲ್ಲಿ ಲೋಹಕ್ಕೂ ಕಾಗದಕ್ಕೂ ಒಳ್ಳೆಯ ಬೆಲೆಯಿತ್ತು. ತಾಮ್ರದ ತಂತಿ, ಸೀಸದ ಕೊಳವೆ, ಹಳೇ ಪೇಪರು, ಹರಿದ ಹಾಸಿಗೆಯೊಳಗಿನ ಉಣ್ಣೆ, ಒಡೆಯದ ಬಾಟಲಿ, ಎಲ್ಲವನ್ನೂ ಬೇರೆ ಬೇರೆ ರಾಶಿ ಹಾಕಿ ತೂಕಕ್ಕೆ ಕೊಡುತ್ತಿದ್ದರು. ಕಾಲು ಮುರಿದ ಕುರ್ಚಿಗೆ ಕಾಲು ಕೂರಿಸಿ, ಕೆಟ್ಟ ಒಲೆಯನ್ನು ಉಜ್ಜಿ ಬೆಳಗಿಸಿ, ಬಡ ಸಂಸಾರಗಳಿಗೆ ಎಟುಕುವ ಬೆಲೆಗೆ ಮಾರುತ್ತಿದ್ದರು. ಇದರಲ್ಲಿ ಗಮನಿಸಬೇಕಾದ ಗುಣವೊಂದಿದೆ. ವಿಂಗಡಿಸುವ ಕೆಲಸಕ್ಕೆ ಓದು ಬೇಡ, ಒಳ್ಳೆಯ ನಡತೆಯ ಪ್ರಮಾಣಪತ್ರ ಬೇಡ. ವಯಸ್ಸಾದವನು ಕೂತು ಗುಂಡಿ ಕಿತ್ತಿಡಬಹುದು, ಗಟ್ಟಿಮುಟ್ಟಾದವನು ಲಾರಿಗೆ ಹೊರಬಹುದು, ಕಸುಬು ಬಲ್ಲ ಬಡಗಿ ತನ್ನ ವಿದ್ಯೆಯನ್ನು ಅಲ್ಲೇ ತೋರಿಸಬಹುದು. ಜೈಲಿನಿಂದ ಬಂದವನನ್ನೂ ಕುಡಿತದಿಂದ ಮನೆ ಕಳೆದುಕೊಂಡವನನ್ನೂ ಯಾವ ಕಾರ್ಖಾನೆಯೂ ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಅವರಿಗೆ ಒಗ್ಗುವ ಕಸುಬು ಇದೇ ಆಗಿತ್ತು. ಸಂಗಾತಿಗಳು ಕೂಡಿ ಬಾಳುವ ಎಮ್ಮಾವುಸ್ ಸಮುದಾಯಗಳು ದಿನನಿತ್ಯದ ಖರ್ಚಿಗೆ ಸರಕಾರದ ಅನುದಾನಕ್ಕೆ ಕೈಚಾಚದೆ ಸ್ವಂತ ದುಡಿಮೆಯಲ್ಲೇ ನಿಲ್ಲಬೇಕೆಂಬ ನಿಯಮ ಹುಟ್ಟಿದ್ದು ಇಲ್ಲಿಂದ. ಉಳಿಕೆಯಿಂದ ತಮಗಿಂತ ಕಷ್ಟದಲ್ಲಿರುವವರಿಗೆ ನೆರವಾಗಬೇಕೆಂಬ ಇನ್ನೊಂದು ನಿಯಮ ಮೊದಲನೆಯದಕ್ಕಿಂತ ಮುಖ್ಯ. ಆ ನಿಯಮದ ದೆಸೆಯಿಂದ, ನಿನ್ನೆ ಬೀದಿಯಲ್ಲಿ ಮಲಗಿದ್ದವನು ಇವತ್ತು ಇನ್ನೊಂದು ಸಂಸಾರಕ್ಕೆ ಸೂರು ಕೊಡುವವನಾದ.

ಇನ್ನು 1954ರ ಚಳಿಗಾಲಕ್ಕೆ ಬರೋಣ. ಯುದ್ಧದಲ್ಲಿ ನೆಲಸಮವಾದ ಮನೆಗಳನ್ನು ಫ್ರಾನ್ಸ್ ಇನ್ನೂ ಕಟ್ಟಿ ಮುಗಿಸಿರಲಿಲ್ಲ. ಜನವರಿಯ ಮೊದಲ ವಾರ, ತುರ್ತು ವಸತಿಗೆಂದು 100 ಕೋಟಿ ಫ್ರಾಂಕ್ ಬೇಡುವ ಪ್ರಸ್ತಾವವನ್ನು ಸಂಸತ್ತಿನ ಮೇಲ್ಮನೆ ತಳ್ಳಿಹಾಕಿದ ಹೊತ್ತಿನಲ್ಲೇ ನ್ಯೂಯೀ-ಪ್ಲೆಸಾನ್ಸ್‌ನಲ್ಲಿ ಹಳೆಯ ಬಸ್ಸೊಂದರಲ್ಲಿ ವಾಸವಿದ್ದ ಕುಟುಂಬದ ಹಸುಗೂಸು ಚಳಿಗೆ ಸತ್ತಿತು. ಪಾದ್ರಿ ವಸತಿ ಸಚಿವರಿಗೆ ಬಹಿರಂಗ ಪತ್ರ ಬರೆದು ಶವಸಂಸ್ಕಾರಕ್ಕೆ ಬರಹೇಳಿದರು. ಸಚಿವ ಮೋರಿಸ್ ಲೆಮೇರ್ ಬಂದರು. ಫೆಬ್ರವರಿ 1ರಂದು ರೇಡಿಯೊ ಲಕ್ಸೆಂಬರ್ಗ್‌ನಲ್ಲಿ ಆ ಪ್ರಸಿದ್ಧ ಮೊರೆ ಕೇಳಿಬಂತು. ಸೆಬಾಸ್ಟೊಪೋಲ್ ರಸ್ತೆಯ ಪಕ್ಕದಲ್ಲಿ ಹಿಂದಿನ ರಾತ್ರಿ ಹೆಂಗಸೊಬ್ಬಳು ಚಳಿಗೆ ಸತ್ತಿದ್ದಳು, ಮನೆಯಿಂದ ಹೊರಹಾಕಿದ ಆದೇಶದ ಕಾಗದ ಅವಳ ಕೈಯಲ್ಲೇ ಇತ್ತು. ಆ ರಾತ್ರಿಗೇ 5,000 ಕಂಬಳಿ, 300 ದೊಡ್ಡ ಡೇರೆ, 200 ಒಲೆ ಬೇಕೆಂದು ಪಾದ್ರಿ ಕೇಳಿದರು. ಸಾಮಾನು ತಂದೊಪ್ಪಿಸಲು ಹೇಳಿದ್ದ ರೋಚೆಸ್ಟರ್ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಂದು ಬಿತ್ತು. ಬಳಕೆ ತಪ್ಪಿದ್ದ ಓರ್ಸೆ ರೈಲು ನಿಲ್ದಾಣವನ್ನು ಗೋದಾಮು ಮಾಡಬೇಕಾಯಿತು. ಒಟ್ಟು 50 ಕೋಟಿ ಫ್ರಾಂಕ್ ಕೂಡಿತು. ಚಾರ್ಲಿ ಚಾಪ್ಲಿನ್ ಒಬ್ಬರೇ 20 ಲಕ್ಷ ಕೊಟ್ಟರು. ಕೆಲವೇ ದಿನಗಳಲ್ಲಿ ಸಂಸತ್ತು 1,000 ಕೋಟಿ ಫ್ರಾಂಕ್ ಮಂಜೂರು ಮಾಡಿ 12,000 ತುರ್ತು ಮನೆ ಕಟ್ಟಿಸಲು ಹೊರಟಿತು. ಒಂದು ತಿಂಗಳ ಹಿಂದೆ ಅದರ ಹತ್ತನೆಯ ಒಂದು ಪಾಲಿಗೂ ಒಪ್ಪದಿದ್ದ ಸಂಸತ್ತು ಅದೇ.

ಇಷ್ಟು ದೊಡ್ಡ ಫಲ ತಂದ ಘಟನೆಯನ್ನು ಚಳವಳಿಯ ಶಿಖರವೆಂದು ಏಕೆ ಒಪ್ಪಬಾರದು? ಆ ರಾತ್ರಿಗಳಲ್ಲಿ ಉಳಿದ ಜೀವಗಳನ್ನು ನೆನೆದರೆ ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಚಳಿಯಲ್ಲಿ ನಡುಗುವವನಿಗೆ ಮೊದಲು ಬೇಕಾದದ್ದು ಕಂಬಳಿಯೇ, ತತ್ತ್ವವಲ್ಲ. ಆದರೆ ಅದರ ಬೆನ್ನಿಗೇ ನಡೆದದ್ದನ್ನೂ ನೋಡಬೇಕು. ಕೂಡಿದ ಹಣದಲ್ಲಿ ಪ್ಯಾರಿಸ್ಸಿನ ಹೊರವಲಯದ ನ್ವಾಝಿ-ಲ-ಗ್ರಾಂ ಎಂಬಲ್ಲಿ ಅರ್ಧ ಕೊಳವೆಯಾಕಾರದ, ಇಗ್ಲೂ ಎಂದು ಕರೆಯುತ್ತಿದ್ದ ಗೂಡುಗಳನ್ನು ಕಟ್ಟಿ ಸುಮಾರು 250 ಕುಟುಂಬಗಳನ್ನು ಇರಿಸಿದರು. ತಾತ್ಕಾಲಿಕ ಎಂದದ್ದು ವರ್ಷಗಟ್ಟಲೆ ಉಳಿಯಿತು. ಮಳೆಗಾಲಕ್ಕೆ ಕೆಸರು, ಬೇಸಿಗೆಗೆ ಕಾವು, ನೀರಿಗೆ ಸಾಲು. 1956ರಲ್ಲಿ ಅಲ್ಲಿಗೆ ಬಂದ ಜೋಸೆಫ್ ರೆಸಿನ್‌ಸ್ಕಿ ಎಂಬ ಇನ್ನೊಬ್ಬ ಪಾದ್ರಿ ಕಂಡದ್ದು, ಸೂಪಿನ ಬಂಡಿಗೂ ಬಟ್ಟೆಯ ಗಂಟಿಗೂ ಕಾಯುತ್ತ ಕೂತ ಜನರನ್ನು. ರೆಸಿನ್‌ಸ್ಕಿ ಸ್ವತಃ ಆಂಜೆ ಪಟ್ಟಣದ ಕಡುಬಡ ಮನೆಯಲ್ಲಿ ಬೆಳೆದವರು. ಬಡವನಿಗೆ ಕೊಡುವ ಕೈ ಅವನ ತಲೆಯನ್ನು ಹೇಗೆ ತಗ್ಗಿಸುತ್ತದೆ ಎಂದು ಬಾಲ್ಯದಲ್ಲೇ ಉಂಡು ತಿಳಿದವರು. ಅವರು ಸೂಪು ಹಂಚುವುದನ್ನೂ ಹಳೆ ಬಟ್ಟೆ ಹಂಚುವುದನ್ನೂ ನಿಲ್ಲಿಸಿದರು. ಆ ಜಾಗದಲ್ಲಿ ಗ್ರಂಥಾಲಯ, ಶಿಶುವಿಹಾರ, ಬಟ್ಟೆ ಒಗೆಯುವ ಕೋಣೆ, ಹೆಂಗಸರು ತಲೆಗೂದಲು ಒಪ್ಪಮಾಡಿಸಿಕೊಳ್ಳುವ ಕೋಣೆ ತೆರೆದರು. 1957ರಲ್ಲಿ ಅಲ್ಲಿನ ಕುಟುಂಬಗಳೊಂದಿಗೆ ಸೇರಿ ಕಟ್ಟಿದ ಸಂಘವೇ ಮುಂದೆ ಎಟಿಡಿ ನಾಲ್ಕನೆಯ ಲೋಕ ಎಂಬ ಚಳವಳಿಯಾಯಿತು. ವಿಶ್ವಸಂಸ್ಥೆ ಅಕ್ಟೋಬರ್ 17ನ್ನು ಬಡತನ ನಿರ್ಮೂಲನಾ ದಿನವೆಂದು 1992ರಲ್ಲಿ ಘೋಷಿಸಿದ್ದು, 1987ರ ಅದೇ ದಿನ ಅವರು ಪ್ಯಾರಿಸ್ಸಿನಲ್ಲಿ ಕೂಡಿಸಿದ ಜನಸಮಾವೇಶದ ನೆನಪಿಗೆ. ನ್ವಾಝಿಯ ಪಾಠ ನನಗೆ ಕಾಣುವುದು ಹೀಗೆ. ಲೆಗೆಗೆ ಕೇಳಿದ ಪ್ರಶ್ನೆಯನ್ನು ಆ 250 ಕುಟುಂಬಗಳಿಗೆ ಯಾರೂ ಕೇಳಿರಲಿಲ್ಲ. ದೇಣಿಗೆಯ ಮಹಾಪೂರದಲ್ಲಿ ಅದಕ್ಕೆ ಬಿಡುವೇ ಇರಲಿಲ್ಲ. ಕೊಡುವವರು ಲಕ್ಷಾಂತರ ಮಂದಿಯಾದಾಗ ಪಡೆಯುವವರು ಬರೀ ಪಡೆಯುವವರಾಗಿ ಉಳಿದರು.

ಇನ್ನೊಂದು ಎಚ್ಚರಿಕೆಯನ್ನು ರೋಲಾಂ ಬಾರ್ತ್ ಆಗಲೇ ಕೊಟ್ಟಿದ್ದರು. 1957ರಲ್ಲಿ ಪುಸ್ತಕವಾಗಿ ಬಂದ ಅವರ ಲೇಖನಗಳಲ್ಲಿ ಒಂದು, ಪಾದ್ರಿಯ ಗಡ್ಡ, ಕ್ಷೌರ, ಉಡುಪಿನ ಚಿತ್ರಗಳ ಸುತ್ತ ಬೆಳೆದ ಆರಾಧನೆಯನ್ನು ಕುರಿತದ್ದು. ಪುಣ್ಯಪುರುಷನ ಚಿತ್ರವನ್ನು ಕಣ್ತುಂಬ ನೋಡಿದ ಸಮಾಜ, ನ್ಯಾಯ ಒದಗಿಸುವ ಹೊಣೆಯನ್ನು ಕರುಣೆಯ ಚಿಹ್ನೆಗಳಿಂದ ತೀರಿಸಿಬಿಡುತ್ತದೆಯೇ ಎಂಬುದು ಅವರ ಆತಂಕ. ದಾನ ಸರಕಾರದ ಹೊಣೆಯನ್ನು ಹಗುರಮಾಡುತ್ತದೆ ಎಂಬ ಎಡಪಂಥೀಯ ಆಕ್ಷೇಪವೂ ಇದೇ ಜಾತಿಯದು. ಎಮ್ಮಾವುಸ್ ವಿಷಯದಲ್ಲಿ ಈ ಆಕ್ಷೇಪ ಅರ್ಧ ಮಾತ್ರ ನಿಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ಬಾಡಿಗೆದಾರರನ್ನು ಮನೆಯಿಂದ ಹೊರಹಾಕಬಾರದೆಂಬ ಕಾನೂನು 1956ರ ಡಿಸೆಂಬರಿನಲ್ಲಿ ಬಂತು; ಇವತ್ತು ಅದು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಜಾರಿಯಲ್ಲಿರುತ್ತದೆ. ಸೂರು ಕೇಳಿ ಸರಕಾರದ ಮೇಲೆಯೇ ದಾವೆ ಹೂಡಬಹುದಾದ ವಸತಿ ಹಕ್ಕಿನ ಕಾನೂನು 2007ರ ಮಾರ್ಚಿನಲ್ಲಿ, ಪಾದ್ರಿ ತೀರಿಕೊಂಡ ಕೆಲವೇ ವಾರಗಳಲ್ಲಿ ಅಂಗೀಕಾರವಾಯಿತು. ಎರಡರ ಹಿಂದೆಯೂ ಈ ಚಳವಳಿ ಎಬ್ಬಿಸಿದ ಒತ್ತಡವಿದೆ. 1969ರಲ್ಲಿ ಬರ್ನ್ ನಗರದಲ್ಲಿ ಸೇರಿದ ಗುಂಪುಗಳು ಒಪ್ಪಿಕೊಂಡ ಪ್ರಣಾಳಿಕೆ, ಹೆಚ್ಚು ನೋಯುತ್ತಿರುವವನ ಸೇವೆ ಮೊದಲು ಎಂದದ್ದರ ಜೊತೆಗೇ ನೋವಿನ ಕಾರಣಗಳ ವಿರುದ್ಧ ಹೋರಾಡುವುದನ್ನೂ ಕರ್ತವ್ಯವೆಂದು ಬರೆಯಿತು. 1971ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಈಗ ಸುಮಾರು 40 ದೇಶಗಳಲ್ಲಿ 400ಕ್ಕೂ ಹೆಚ್ಚು ಗುಂಪುಗಳಿವೆ, ತಮಿಳುನಾಡಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳೂ ಅದರಲ್ಲಿವೆ. ಬಾರ್ತ್ ಮಾತು ನಿಲ್ಲುವುದು ಇನ್ನೊಂದು ಅರ್ಧದಲ್ಲಿ, ಆ ಚಿತ್ರದ ವಿಷಯದಲ್ಲಿ. ಅದು ಅವರು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಕೇಡು ಮಾಡಿತ್ತು.

2024ರ ಜುಲೈನಲ್ಲಿ ಎಮ್ಮಾವುಸ್ ಸಂಸ್ಥೆಗಳು ತಾವೇ ನೇಮಿಸಿದ್ದ ಸ್ವತಂತ್ರ ತನಿಖೆಯ ವರದಿಯನ್ನು ಪ್ರಕಟಿಸಿದವು. ಸ್ಥಾಪಕನಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರ ಹೇಳಿಕೆಗಳು ಅದರಲ್ಲಿದ್ದವು. ಆ ಬಳಿಕ ಇನ್ನೂ ಹಲವರು ಮುಂದೆ ಬಂದರು. 2025ರ ಜನವರಿ ಹೊತ್ತಿಗೆ ದೂರು ಹೇಳಿದವರ ಸಂಖ್ಯೆ 30 ದಾಟಿತ್ತು. ಕೆಲವರು ಆ ಕಾಲಕ್ಕೆ ಇನ್ನೂ ಅಪ್ರಾಪ್ತರು. 1950ರ ದಶಕದಲ್ಲೇ ಚರ್ಚಿನ ಕೆಲವು ಹಿರಿಯರಿಗೆ ವಿಷಯ ಗೊತ್ತಿತ್ತು, ಪಾದ್ರಿಯನ್ನು ಸ್ವಿಟ್ಜರ್ಲೆಂಡಿನ ಚಿಕಿತ್ಸಾಲಯವೊಂದಕ್ಕೆ ಕಳಿಸಿ ಸುದ್ದಿಯನ್ನು ಅದುಮಿದ್ದರು ಎಂಬುದು ದಾಖಲೆಗಳಿಂದ ಹೊರಬಂತು. ಇದನ್ನು ಕೇಳಿದ ಅನೇಕರು, ಮನುಷ್ಯ ಬೇರೆ, ಅವನ ಕೆಲಸ ಬೇರೆ ಎಂದು ಸಮಾಧಾನ ಹುಡುಕಿದರು. ನನಗೆ ಆ ಸಮಾಧಾನ ಸಾಲದು. ಆ ಹೆಂಗಸರ ಬಾಯಿ ಕಟ್ಟಿದ್ದು ಆ ಕೆಲಸದ ಕೀರ್ತಿಯೇ. ಲಕ್ಷಾಂತರ ಜನರಿಗೆ ಸೂರು ಕೊಡಿಸಿದವನ ಮೇಲೆ ದೂರು ಹೇಳಿದರೆ ನಂಬುವವರು ಯಾರು, ನಂಬಿದರೂ ಬಡವರ ಮನೆ ಮುಳುಗಿಸಿದಳೆಂಬ ಅಪವಾದ ಹೊರುವವರು ಯಾರು? ಕೃತಜ್ಞತೆ ಒಬ್ಬನ ಸುತ್ತ ಹೆಪ್ಪುಗಟ್ಟಿದಾಗ ಅದು ಅಧಿಕಾರವಾಗುತ್ತದೆ. ಎಲ್ಲರೂ ಕೊಡುವವರು, ಎಲ್ಲರೂ ಪಡೆಯುವವರು ಎಂಬ ನಿಯಮವನ್ನು ಚಳವಳಿ ಸಂಗಾತಿಗಳಿಗೆಲ್ಲ ಅನ್ವಯಿಸಿತು. ಒಬ್ಬ ವ್ಯಕ್ತಿಯನ್ನು ಮಾತ್ರ ಎಂದಿಗೂ ಕೊಡುವವನ ಪೀಠದಲ್ಲೇ ಕೂರಿಸಿತು. ಆ ಒಂದು ವಿನಾಯಿತಿಯ ಬೆಲೆಯನ್ನು ತೆತ್ತವರು ಈ ಹೆಂಗಸರು. ಹಾಗಾದರೆ ಮೂಲತತ್ತ್ವವೂ ಸುಳ್ಳೇ? ಅಲ್ಲವೆಂದೇ ನನ್ನ ಉತ್ತರ, ಏಕೆಂದರೆ ಅದನ್ನು ಬಾಳಿ ತೋರಿಸಿದವರು ಗುಜರಿ ಹೊತ್ತ ಸಾವಿರಾರು ಮಂದಿ. ಬೇಡುವುದು ಬೇಡ, ದುಡಿಯೋಣ ಎಂದವರು ಅವರು, ದಾರಿ ತೋರಿದವನು ಅವರಲ್ಲೊಬ್ಬ. ಅವರ ಆಸ್ತಿಯನ್ನು ಸ್ಥಾಪಕನ ಹೆಸರಿಗೆ ಬರೆದುಕೊಟ್ಟದ್ದೇ ತಪ್ಪು, ಈಗ ಅವನ ಅಪರಾಧದ ಜೊತೆಗೆ ಅದನ್ನೂ ಹೂಳುವುದು ಎರಡನೆಯ ತಪ್ಪು.

ಸಂಗಾತಿಗಳ ವಿಷಯದಲ್ಲೂ ಎಲ್ಲ ಸರಿಯಿದೆ ಎನ್ನುವಂತಿಲ್ಲ. ಫ್ರಾನ್ಸಿನ ಕಾನೂನಿನಂತೆ ಅವರು ನೌಕರರಲ್ಲ. ವಸತಿ, ಊಟ, ಸಣ್ಣದೊಂದು ಕೈಖರ್ಚಿನ ಮೊತ್ತಕ್ಕೆ ಕೆಲಸ ಮಾಡುತ್ತಾರೆ, ಉದ್ಯೋಗದ ಕರಾರು ಇರುವುದಿಲ್ಲ. ಯಾರಿಗೂ ಬೇಡವಾದವನು ಎಷ್ಟಾದಷ್ಟು ದುಡಿದು ಇರಬಹುದಾದ ಮನೆಗೆ ಈ ಏರ್ಪಾಡು ಒಪ್ಪುತ್ತದೆ. ಆದರೆ ಇಂದು ಅನೇಕ ಸಮುದಾಯಗಳಲ್ಲಿರುವವರು ದಾಖಲೆಪತ್ರಗಳಿಲ್ಲದ ವಲಸಿಗರು. ಮೂರು ವರ್ಷ ಅಲ್ಲಿದ್ದವರು ವಾಸದ ಪರವಾನಗಿಗೆ ಅರ್ಜಿ ಹಾಕಬಹುದೆಂದು 2018ರ ಕಾನೂನು ಹೇಳಿದ ಮೇಲೆ, ಇಷ್ಟವಿರಲಿ ಬಿಡಲಿ ಹೊರಡುವ ಸ್ವಾತಂತ್ರ್ಯ ಅವರಿಗೆ ಉಳಿಯಲಿಲ್ಲ. 2023ರ ಜುಲೈನಲ್ಲಿ ಲಿಲ್ ನಗರದ ಪಕ್ಕದ ಒಂದು ಸಮುದಾಯದ ಸಂಗಾತಿಗಳು ತಮ್ಮನ್ನು ಪುಗಸಟ್ಟೆ ಆಳುಗಳಂತೆ ದುಡಿಸಿಕೊಳ್ಳಲಾಗುತ್ತಿದೆ ಎಂದು ಮುಷ್ಕರ ಹೂಡಿದರು, ಆ ಪ್ರದೇಶದ ಇನ್ನೂ ಕೆಲವು ಸಮುದಾಯಗಳಿಗೆ ಅದು ಹಬ್ಬಿತು. ಅನ್ನ ಕೊಟ್ಟ ಮನೆಗೆ ಎದುರಾಡುವುದೇ ಎಂದು ನೊಂದುಕೊಂಡವರಿದ್ದರು. ನಾನು ಇದನ್ನು ಕೃತಘ್ನತೆ ಎಂದು ಓದಲಾರೆ. 1951ರಲ್ಲಿ ಬೇಡಿದ ಅನ್ನ ಬೇಡವೆಂದವರೂ ಆ ಮನೆಯ ಯಜಮಾನನಿಗೆ ಎದುರಾಡಿದ್ದರು. ಅವರು ಸುಮ್ಮನಿದ್ದಿದ್ದರೆ ಈ ಚಳವಳಿಯೇ ಇರುತ್ತಿರಲಿಲ್ಲ. ಮುಷ್ಕರ ಹೂಡಿದವರಿಗೂ, ಎಷ್ಟೋ ವರ್ಷಗಳ ಮೇಲೆ ಬಾಯಿ ಬಿಟ್ಟ ಮಹಿಳೆಯರಿಗೂ ಚಳವಳಿ ಕೊಡುವ ಉತ್ತರ ಒಂದೇ ರೀತಿ ಇರಬೇಕಾಗುತ್ತದೆ. ಎರಡನೆಯವರ ವಿಷಯದಲ್ಲಿ ಅದು ಸ್ವಲ್ಪ ದೂರ ನಡೆದಿದೆ: ವರದಿಯನ್ನು ಬಚ್ಚಿಡದೆ ಹೊರಗೆ ಹಾಕಿತು, ಎಸ್ತ್‌ವಿಲ್‌ನಲ್ಲಿದ್ದ ಸ್ಥಾಪಕನ ಸ್ಮಾರಕವನ್ನು ಮುಚ್ಚಿತು, ಅವನ ಹೆಸರು ಹೊತ್ತಿದ್ದ ವಸತಿ ಪ್ರತಿಷ್ಠಾನ 2025ರ ಜನವರಿಯಲ್ಲಿ ಆ ಹೆಸರನ್ನು ಕಳಚಿಟ್ಟಿತು. ಮೊದಲನೆಯವರಿಗೆ ಬೇಕಾದದ್ದು ಸಂಬಳದ ಲೆಕ್ಕ, ಆಡಳಿತದಲ್ಲಿ ಮಾತಿನ ಹಕ್ಕು, ಕೈಯಲ್ಲೊಂದು ವಾಸದ ಪರವಾನಗಿ. ಇವುಗಳಲ್ಲಿ ಕಡೆಯದನ್ನು ಕೊಡುವುದು ಸರಕಾರದ ಕೈಯಲ್ಲಿದೆ; ಮೊದಲಿನ ಎರಡು ಚಳವಳಿಯ ಕೈಯಲ್ಲೇ ಇವೆ.